ಮನೇಲಿ ಮಾಡಿದ ಬಿಯರ್ ಅದಲುಬದಲು ಮಾಡ್ಕೊಂಡು ರುಚಿ ನೋಡೋದು ಹೇಗೆ: ಬಾಟಲ್ ತುಂಬೋದ್ರಿಂದ ಹಿಡಿದು ಪೂರ್ತಿ ಗೈಡ್

ನಮ್ಮ ಕಡೆ ಯಾರ ಮನೆಗಾದ್ರೂ ಊಟಕ್ಕೆ ಹೋದಾಗ ಸಾರಿಗೆ ಉಪ್ಪು ಜಾಸ್ತಿ ಬಿದ್ದಿದ್ರೂ ಬಾಯಿ ಬಿಡಲ್ಲ, "ತುಂಬಾ ಚೆನ್ನಾಗಿದೆ" ಅಂತ ಇನ್ನೊಂದು ಸೌಟು ಹಾಕಿಸ್ಕೊಂಡು ಉಂಡು ಎದ್ದು ಬರ್ತೀವಿ. ಆ ದಾಕ್ಷಿಣ್ಯ ಊಟದ ಮನೇಲಿ ಸರಿ. ಹೋಮ್‌ಬ್ರೂ, ಅಂದ್ರೆ ಮನೇಲೇ ಬಿಯರ್, ಮಾಡೋರು ಬಾಟಲ್ ಅದಲುಬದಲು ಮಾಡ್ಕೊಳ್ಳೋ ಟೇಬಲ್ ಹತ್ರ ಅದು ಬೇಡವೇ ಬೇಡ, ಯಾಕಂದ್ರೆ ಅಲ್ಲಿಗೆ ಬಂದೋರು ಬಂದಿರೋದೇ ಇನ್ನೊಬ್ಬರ ನಾಲಿಗೆ ಏನು ಹೇಳತ್ತೆ ಅಂತ ಕೇಳೋಕೆ.

ನಾನಿರೋದು ಆರೆಗಾನಿನ ಹಿಲ್ಸ್‌ಬರೋದಲ್ಲಿ. ಮೊದಲನೇ ಸಲ ಇಂಥ ಒಂದು ಸ್ವಾಪ್‌ಗೆ, ಅಂದ್ರೆ ಬಾಟಲ್ ಅದಲುಬದಲಿಗೆ, ಹೋದಾಗ ಆಂಬರ್ ಏಲ್ ತಗೊಂಡು ಹೋಗಿದ್ದೆ, ಎಲ್ಲರೂ ಕುಡಿದು ನೈಸ್ ನೈಸ್ ಅಂದ್ರು, ನನಗೂ ಖುಷಿ ಆಯ್ತು. ಒಬ್ಬರು ವಯಸ್ಸಾದೋರು ಮಾತ್ರ ಏನೂ ಹೇಳ್ದೆ ಗ್ಲಾಸನ್ನ ಎರಡೂ ಅಂಗೈ ಮಧ್ಯೆ ಹಿಡ್ಕೊಂಡು ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿ, ಮೇಲೆ ಕೈ ಮುಚ್ಚಿ, ಆಮೇಲೆ ಕೈ ತೆಗೆದು ಮೂಸಿ ನೋಡಿದ್ರು. "ಫರ್ಮೆಂಟೇಶನ್ ನಿಂತ ಮೇಲೆ ಈಸ್ಟ್ ಮೇಲೆ ಎಷ್ಟು ದಿನ ಬಿಟ್ರಿ?" ಅಂತ ಕೇಳಿದ್ರು, ಅಂದ್ರೆ ಈಸ್ಟ್ ಸಕ್ಕರೆನ ಆಲ್ಕೋಹಾಲ್ ಮಾಡಿ ಮುಗಿಸಿದ ಮೇಲೆ. ಬಿಟ್ಟಿರಲಿಲ್ಲ, ಆರನೇ ದಿನಕ್ಕೇ ಫ್ರಿಜ್‌ಗೆ ಹಾಕಿಬಿಟ್ಟಿದ್ದೆ. "ಮುಂದಿನ ಸಲ 20 ಡಿಗ್ರಿ ಸೆಲ್ಸಿಯಸಲ್ಲಿ ಇನ್ನೂ ಮೂರು ದಿನ ಬಿಡಿ" ಅಂದ್ರು, ಅಷ್ಟೇ. ಮುಂದಿನ ಬ್ಯಾಚಲ್ಲಿ ಆ ಬೆಣ್ಣೆ ವಾಸನೆ ಇರಲಿಲ್ಲ, ಅಲ್ಲೀವರೆಗೆ ಅದು ಬೆಣ್ಣೆ ವಾಸನೆ ಅಂತಾನೇ ನನಗೆ ಗೊತ್ತಿರಲಿಲ್ಲ. ಅಂಥ ಒಂದು ಪ್ರಶ್ನೆ ಸಿಗೋಕೆ ಏನೇನು ತಯಾರಿ ಬೇಕು ಅನ್ನೋದನ್ನ ಒಂದೊಂದಾಗಿ ಬರೀತೀನಿ.

ಮೊದಲು ಕಾನೂನು

ಇದನ್ನ ಬರೀತಿರೋದು ಅಮೆರಿಕದಲ್ಲಿರೋ ಕನ್ನಡದೋರಿಗೆ. ಇಲ್ಲಿ 1978ರ ಅಕ್ಟೋಬರಲ್ಲಿ ಪ್ರೆಸಿಡೆಂಟ್ ಜಿಮ್ಮಿ ಕಾರ್ಟರ್ ಸೈನ್ ಹಾಕಿದ ಕಾನೂನಿಂದ ಮನೇಲಿ ಬಿಯರ್ ಮಾಡ್ಕೊಳ್ಳೋಕೆ ಫೆಡರಲ್ ಮಟ್ಟದಲ್ಲಿ ತೆರಿಗೆ ಇಲ್ಲ, ದೊಡ್ಡೋರು ಒಬ್ಬರೇ ಇರೋ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಜಾಸ್ತಿ ಇದ್ರೆ 200 ಗ್ಯಾಲನ್. ಮಾರೋ ಹಾಗಿಲ್ಲ, ಒಂದು ಬಾಟಲೂ ಮಾರೋ ಹಾಗಿಲ್ಲ. ಅದರ ಮೇಲೆ ಒಂದೊಂದು ರಾಜ್ಯದ್ದು ಒಂದೊಂದು ರೂಲ್, ಅಲಬಾಮಾ ಮತ್ತು ಮಿಸಿಸಿಪ್ಪಿ ಒಪ್ಪಿಕೊಂಡಿದ್ದೇ 2013ರಲ್ಲಿ. ನಮ್ಮ ಆರೆಗಾನಲ್ಲೇ 2010ರಲ್ಲಿ ಹಳೇ ಕಾನೂನನ್ನ ಮತ್ತೆ ಓದಿ ಹೋಮ್‌ಬ್ರೂ ಮನೆಯಿಂದ ಆಚೆ ತಗೊಂಡು ಹೋಗೋ ಹಾಗೇ ಇಲ್ಲ ಅಂದುಬಿಟ್ರು, ಸ್ಟೇಟ್ ಫೇರಿನ ಹೋಮ್‌ಬ್ರೂ ಸ್ಪರ್ಧೆ ಆ ವರ್ಷ ನಿಂತೇಹೋಯ್ತು, 2011ರಲ್ಲಿ ಹೊಸ ಕಾನೂನು ತಂದ ಮೇಲೆ ಸರಿಹೋಗಿದ್ದು. ಹಾಗಾಗಿ ನಿಮ್ಮ ರಾಜ್ಯದಲ್ಲಿ ಬಾಟಲ್ ಮನೆಯಿಂದ ಆಚೆ ಹೋಗಬಹುದಾ ಅನ್ನೋದನ್ನ ಮೊದಲು ನೋಡ್ಕೊಳ್ಳಿ. 21 ತುಂಬದೇ ಇರೋರಿಗೆ ಕೊಡೋ ಹಾಗಿಲ್ಲ.

ಊರಲ್ಲಿರೋ ಕಸಿನ್ಸ್‌ಗೆ ಇದನ್ನ ಕಳಿಸಿ "ನೀವೂ ಮಾಡಿ" ಅನ್ನೋಕೆ ಹೋಗಬೇಡಿ, ಕರ್ನಾಟಕದ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ರುಚಿ ನೋಡೋ ವಿದ್ಯೆ ಮಾತ್ರ ಅಲ್ಲಿಗೂ ಅನ್ವಯ ಆಗತ್ತೆ, ಬೆಂಗಳೂರಿನ ಬ್ರೂಪಬ್ಬಲ್ಲಿ ಕೂತು ಒಂದು ವೀಟ್ ಬಿಯರ್ ಮುಂದಿಟ್ಕೊಂಡು ಮೂಸಿ ನೋಡೋಕೆ ಯಾವ ಕಾನೂನೂ ಅಡ್ಡಿ ಇಲ್ಲ.

ಎಷ್ಟು ಜನ, ಎಷ್ಟು ಬಾಟಲ್

ಆರು ಜನ ಸರಿಯಾದ ಹದ. ನಾಲ್ಕಕ್ಕಿಂತ ಕಮ್ಮಿ ಆದ್ರೆ ಅಭಿಪ್ರಾಯಗಳು ಸಾಲಲ್ಲ, ಎಂಟು ದಾಟಿದ್ರೆ ಕೊನೇ ಬಿಯರ್ ಹೊತ್ತಿಗೆ ಯಾರ ನಾಲಿಗೆನೂ ಕೆಲಸ ಮಾಡಲ್ಲ. ಲೆಕ್ಕ ಹೀಗೆ: ಒಬ್ಬೊಬ್ಬರೂ ಒಂದೇ ಬ್ಯಾಚಿನ ಏಳು ಬಾಟಲ್ ತರಬೇಕು, ಐದು ಮಿಕ್ಕ ಐದು ಜನಕ್ಕೆ ಮನೆಗೆ ತಗೊಂಡು ಹೋಗೋಕೆ, ಎರಡು ಅಲ್ಲೇ ಟೇಬಲ್ ಮೇಲೆ. 355 ಎಂಎಲ್ ಬಾಟಲನ್ನ ಆರು ಗ್ಲಾಸಿಗೆ ಹಂಚಿದ್ರೆ ತಲೆಗೆ 60 ಎಂಎಲ್ ಹತ್ತಿರ ಬರತ್ತೆ, ಎರಡನೇ ಬಾಟಲ್ ಯಾಕೆ ಅಂದ್ರೆ ತಳದ ಈಸ್ಟ್ ಬಿಡಬೇಕು, ಮತ್ತೆ ಮೊದಲನೇ ಬಾಟಲ್ ಒಂದೇ ಕೆಟ್ಟಿದ್ಯೋ ಬ್ಯಾಚೇ ಕೆಟ್ಟಿದ್ಯೋ ಅಂತ ಗೊತ್ತಾಗಬೇಕು. 60 ಎಂಎಲ್ ಆರು ಸಲ ಅಂದ್ರೆ ಒಟ್ಟು ಒಂದು ಬಾಟಲ್ ಕುಡಿದ ಹಾಗೆ. ಹಾಗಿದ್ರೂ ಎಂಟೊಂಬತ್ತು ಪರ್ಸೆಂಟಿನ ಬಿಯರ್‌ಗಳೂ ಇರತ್ವೆ, ಡ್ರೈವ್ ಮಾಡೋರು ಯಾರು ಅಂತ ಮೊದಲೇ ತೀರ್ಮಾನ ಆಗಿರಲಿ, ಅವರು ಮೂಸಿ ನೋಡಲಿ, ಕುಡಿಯೋದು ಬೇಡ. ನಾವು ಪೋರ್ಟ್‌ಲ್ಯಾಂಡ್ ಕಡೆ ಸೇರಿದಾಗ ಮ್ಯಾಕ್ಸ್ ಬ್ಲೂ ಲೈನ್ ರೈಲು ಹತ್ತಿ ಹೋಗ್ತೀವಿ.

ಜನ ಎಲ್ಲಿ ಸಿಗ್ತಾರೆ ಅಂದ್ರೆ ಹತ್ತಿರದ ಹೋಮ್‌ಬ್ರೂ ಅಂಗಡೀಲಿ ಕೇಳಿ. ಪೋರ್ಟ್‌ಲ್ಯಾಂಡಲ್ಲಿ 1918ರಿಂದ ಇರೋ ಸ್ಟೈನ್‌ಬಾರ್ಟ್ ಅಂಗಡಿ ಇದೆ, ಆರೆಗಾನ್ ಬ್ರೂ ಕ್ರೂ ಅನ್ನೋ ಕ್ಲಬ್ ಇದೆ. ಲಾಸ್ ಏಂಜಲೀಸ್ ಕಡೆಯೋರಿಗೆ ಮಾಲ್ಟೋಸ್ ಫಾಲ್ಕನ್ಸ್, 1974ರ ಕ್ಲಬ್ ಅದು, ಕಾನೂನು ಬರೋಕೂ ಮುಂಚೆಯದ್ದು.

ಯಾವ ಬಿಯರ್ ತರಬೇಕು

ನಿಮಗೆ ಯಾವುದರ ಬಗ್ಗೆ ಅನುಮಾನ ಇದೆಯೋ ಅದನ್ನ ತನ್ನಿ. ತುಂಬಾ ಚೆನ್ನಾಗಿ ಬಂದಿದ್ದನ್ನ ಮಾತ್ರ ತಂದ್ರೆ ಹೊಗಳಿಸ್ಕೊಂಡು ಹೋಗ್ತೀರ, ಕಲಿಯೋದು ಕಮ್ಮಿ. ಆದ್ರೆ ಸೋಂಕು ಆಗಿದೆ ಅಂತ ಗೊತ್ತಿರೋದನ್ನ, ಅಂದ್ರೆ ಕತ್ತಿನ ಸುತ್ತ ಉಂಗುರದ ತರ ಪೊರೆ ಕಟ್ಟಿರೋದು, ತೆಗೆದ ತಕ್ಷಣ ಚಿಮ್ಮೋದು, ಅಂಥದ್ದನ್ನ ಇನ್ನೊಬ್ಬರ ಮನೆಗೆ ಕಳಿಸಬೇಡಿ.

ಎರಡು ಮೂರು ಸಲ ಸೇರಿ ಪರಿಚಯ ಆದ ಮೇಲೆ ಒಂದೇ ರೆಸಿಪಿ ಇಟ್ಕೊಂಡು ಎಲ್ಲರೂ ಮಾಡಿ ತರೋದು ಅತ್ಯಂತ ಒಳ್ಳೇ ಪಾಠ. ನಾವೊಂದು ಸಲ ಹೆಫೆವೈಜೆನ್, ಅಂದ್ರೆ ಜರ್ಮನಿ ಕಡೆಯ ಗೋಧಿ ಬಿಯರ್, ಮಾಡಿದ್ವಿ, ಎಲ್ಲರದ್ದೂ ವೈಈಸ್ಟ್ 3068 ಅನ್ನೋ ಒಂದೇ ಈಸ್ಟ್, ಒಬ್ಬರು 17 ಡಿಗ್ರಿಲಿ ಇಟ್ರು, ಒಬ್ಬರು ಗ್ಯಾರೇಜಲ್ಲಿ 23 ಡಿಗ್ರಿವರೆಗೆ ಹೋಗೋಕೆ ಬಿಟ್ಟಿದ್ರು. 17ರದ್ದರಲ್ಲಿ ಲವಂಗ ಮುಂದೆ, ಬಾಳೆಹಣ್ಣು ಹಿಂದೆ, 23ರದ್ದು ಗ್ಲಾಸ್ ಹತ್ರ ತರೋ ಮುಂಚೆನೇ ಕಳಿತ ಬಾಳೆಹಣ್ಣಿನ ಘಮ. ಈಸ್ಟ್ ಟೆಂಪರೇಚರ್ ಬಗ್ಗೆ ಎಷ್ಟು ಓದಿದ್ರೂ ಆ ಎರಡು ಗ್ಲಾಸ್ ಪಕ್ಕಪಕ್ಕ ಇಟ್ಟಾಗ ಗೊತ್ತಾದಷ್ಟು ಗೊತ್ತಾಗಲ್ಲ.

ಬಾಟಲ್ ತುಂಬೋದು, ಇಲ್ಲೇ ಮುಕ್ಕಾಲು ಬಿಯರ್ ಹಾಳಾಗೋದು

ಬ್ರೌನ್ ಗ್ಲಾಸ್ ಬಾಟಲ್ ಮಾತ್ರ, ತಿರುಗಿಸೋ ಮುಚ್ಚಳದ್ದು ಬೇಡ, ಓಪನರಲ್ಲಿ ತೆಗೆಯೋ ಕ್ರೌನ್ ಕ್ಯಾಪ್ ಕೂರೋ ಅಂಥದ್ದು. ಹಸಿರು ಇಲ್ಲ ಬಿಳಿ ಗಾಜಾದ್ರೆ ಬೆಳಕು ಒಳಗೆ ಹೋಗಿ ಹಾಪ್ಸಿನ (ಬಿಯರಿಗೆ ಕಹಿ, ಘಮ ಕೊಡೋ ಹೂವು) ಕಹಿ ಅಂಶ ಒಡೆದು, ಸ್ಕಂಕ್ ಅನ್ನೋ ಪ್ರಾಣಿ ಬಿಡೋ ತರದ ಗಬ್ಬು ವಾಸನೆ ಬರತ್ತೆ. ಒಳಗೆ ಟಾರ್ಚ್ ಬಿಟ್ಟು ನೋಡಿ, ತಳದಲ್ಲಿ ಒಣಗಿದ ಪಾಚಿ ತರ ಏನಾದ್ರೂ ಇದ್ರೆ ಆ ಬಾಟಲ್ ಪಕ್ಕಕ್ಕಿಡಿ. ತೊಳೆಯೋದು ಬೇರೆ, ಸ್ಯಾನಿಟೈಸ್ ಮಾಡೋದು ಬೇರೆ: ಕೊಳೆ ಇರೋ ಬಾಟಲಿಗೆ ಸ್ಟಾರ್ ಸ್ಯಾನ್ ಅನ್ನೋ ಸ್ಯಾನಿಟೈಸರ್ ಹಾಕಿದ್ರೆ ಏನೂ ಪ್ರಯೋಜನ ಇಲ್ಲ. 19 ಲೀಟರ್ ನೀರಿಗೆ 30 ಎಂಎಲ್ ಸ್ಟಾರ್ ಸ್ಯಾನ್, ನೊರೆ ಉಳಿದ್ರೆ ಹೆದರ್ಕೋಬೇಡಿ, ಮತ್ತೆ ನಲ್ಲಿ ನೀರಲ್ಲಿ ತೊಳೆಯೋಕೆ ಹೋಗಬೇಡಿ.

ಸಕ್ಕರೆ ಹಾಕಿ ಬಾಟಲಲ್ಲೇ ಗ್ಯಾಸ್ ಹಿಡಿಸೋದಾದ್ರೆ ಮೊದಲು ಹೈಡ್ರೋಮೀಟರ್ (ಇನ್ನೆಷ್ಟು ಸಕ್ಕರೆ ಉಳಿದಿದೆ ಅಂತ ತೋರಿಸೋ ಮಾಪಕ) ರೀಡಿಂಗ್ ಮೂರು ದಿನದ ಅಂತರದಲ್ಲಿ ಎರಡು ಸಲ ಒಂದೇ ಬಂದಿರಬೇಕು. ಇದರಲ್ಲಿ ರಾಜಿ ಇಲ್ಲ. ಫರ್ಮೆಂಟೇಶನ್ ಮುಗಿಯದೇ ಇರೋದನ್ನ ಬಾಟಲಿಗೆ ಹಾಕಿದ್ರೆ ಗಾಜು ಒಡೆಯತ್ತೆ, ಇನ್ನೊಬ್ಬರ ಮನೇಲಿ, ಅವರ ಮಕ್ಕಳು ಓಡಾಡೋ ಕಿಚನ್ನಲ್ಲಿ. 5 ಗ್ಯಾಲನ್ ಬ್ಯಾಚಿಗೆ ಸುಮಾರು 115ರಿಂದ 120 ಗ್ರಾಂ ಕಾರ್ನ್ ಶುಗರ್, ಸ್ವಲ್ಪ ನೀರಲ್ಲಿ ಕುದಿಸಿ ಆರಿಸಿ ಬಕೆಟ್ಟಿನ ತಳಕ್ಕೆ ಹಾಕಿ ಅದರ ಮೇಲೆ ಬಿಯರ್ ಇಳಿಸಿ, ಸದ್ದು ಮಾಡದ ಹಾಗೆ, ಗಾಳಿ ಸೇರದ ಹಾಗೆ. ಮೇಲೆ ಒಂದು ಇಂಚು ಜಾಗ ಬಿಟ್ಟು ಕ್ಯಾಪ್ ಒತ್ತಿ. ಆಮೇಲೆ 20-21 ಡಿಗ್ರಿಲಿ ಎರಡರಿಂದ ಮೂರು ವಾರ ಮುಟ್ಟಬೇಡಿ. ಸ್ವಾಪ್ ಶನಿವಾರ ಇದೆ ಅಂತ ಹಿಂದಿನ ಶನಿವಾರ ತುಂಬಿ ತರೋರು ಇರ್ತಾರೆ, ಗ್ಯಾಸೇ ಇರಲ್ಲ, ಸಿಹಿ ಸಿಹಿ ಇರತ್ತೆ, ಆರು ಜನರ ಒಂದೊಂದು ಗ್ಲಾಸ್ ವೇಸ್ಟ್.

ಕೆಗ್ಗಿಂದ, ಅಂದ್ರೆ ಗ್ಯಾಸ್ ಹಿಡಿಸಿದ ಪೀಪಾಯಿಂದ, ತುಂಬೋರು ಬಾಟಲನ್ನ ಫ್ರಿಜ್ಜಲ್ಲಿಟ್ಟು ತಣ್ಣಗೆ ಮಾಡಿ, ಸಿಒ2 ಊದಿ ಗಾಳಿ ಓಡಿಸಿ, ತಳದಿಂದ ತುಂಬಿ, ನೊರೆ ಬಾಯಿಗೆ ಬಂದಾಗ ಅದರ ಮೇಲೇ ಕ್ಯಾಪ್ ಹಾಕಿ, ಆಗ ಒಳಗೆ ಆಕ್ಸಿಜನ್ ಉಳಿಯಲ್ಲ. ಹೇಜಿ ಐಪಿಎ, ಅಂದ್ರೆ ಹಾಪ್ಸಿನ ಹಣ್ಣಿನ ಘಮ ಜೋರಾಗಿರೋ ಮಬ್ಬು ಬಿಯರ್, ಆದ್ರೆ ಇದು ಇನ್ನೂ ಮುಖ್ಯ, ಒಂಚೂರು ಆಕ್ಸಿಜನ್ ಸಿಕ್ರೂ ಕೆಲವೇ ದಿನದಲ್ಲಿ ಮಾವಿನಹಣ್ಣಿನ ಘಮ ಹೋಗಿ ಬಣ್ಣ ಬೂದಿಗೆ ತಿರುಗತ್ತೆ.

ಕ್ಯಾಪ್ ಮೇಲೆ ಮಾರ್ಕರಲ್ಲಿ ಒಂದು ಅಕ್ಷರ, ಒಂದು ತಾರೀಕು, ಅಷ್ಟು ಸಾಕು. ಬಿಯರಿನ ವಿವರ, ಅಂದ್ರೆ ಸ್ಟೈಲ್, ಆಲ್ಕೋಹಾಲ್ ಪರ್ಸೆಂಟ್, ಬಾಟಲ್ ತುಂಬಿದ ದಿನ, ಒಳಗೆ ಕಡಲೆಬೀಜ, ಹಾಲಿನ ಸಕ್ಕರೆ ತರ ಅಲರ್ಜಿ ಆಗೋದು ಏನಾದ್ರೂ ಹಾಕಿದ್ರೆ ಅದು, ಎಲ್ಲಾ ಒಂದು ಚೀಟೀಲಿ ಬರೆದು ಕೈಲಿ ಕೊಡಿ. ಅಲರ್ಜಿ ವಿಷಯ ಮಾತ್ರ ಕುಡಿಯೋ ಮುಂಚೆ ಬಾಯಿಬಿಟ್ಟು ಹೇಳಿ. ರೆಸಿಪಿ ಚೀಟಿ ಎಲ್ಲರೂ ರುಚಿ ನೋಡಿ ಆದ ಮೇಲೆ ತೆಗೆದ್ರೆ ಸಾಕು, ಮುಂಚೆ ಓದಿದ್ರೆ ಇಲ್ಲದ ಕಿತ್ತಳೆ ಸಿಪ್ಪೆ ಕೂಡ ಮೂಗಿಗೆ ಬರೋಕೆ ಶುರು ಆಗತ್ತೆ.

ತಗೊಂಡು ಹೋಗುವಾಗ ಬಾಟಲ್ ನೆಟ್ಟಗೆ ನಿಲ್ಲಿಸಿ, ಹಿಂದಿನ ದಿನವೇ ಆತಿಥೇಯರ ಫ್ರಿಜ್ ಸೇರಿದ್ರೆ ಈಸ್ಟ್ ತಳಕ್ಕೆ ಕೂರತ್ತೆ. ಪೋಸ್ಟಲ್ಲಿ ಕಳಿಸೋದು ಬೇಡ, ಯುಎಸ್ ಪೋಸ್ಟಲ್ಲಿ ಮದ್ಯ ಕಳಿಸೋದು ನಿಷಿದ್ಧ, ಕೊರಿಯರ್ ಕಂಪನಿಗಳೂ ಲೈಸೆನ್ಸ್ ಇರೋರ ಹತ್ರ ಮಾತ್ರ ತಗೊಳ್ತವೆ. ಬೇ ಏರಿಯಾದ ಫ್ರೆಂಡ್ ಜೊತೆ ಬದಲಾಯಿಸ್ಕೋಬೇಕು ಅಂದ್ರೆ ಹೋಗೋವಾಗ ಚೆಕ್-ಇನ್ ಬ್ಯಾಗಲ್ಲಿ, ಜಿಪ್ ಕವರ್ ಒಳಗೆ, ಬಟ್ಟೆ ಸುತ್ತಿ.

ಮೂಗು ತಯಾರು ಮಾಡ್ಕೊಳ್ಳೋದು

ಇದನ್ನ ಯಾರೂ ಮಾಡಲ್ಲ, ದಯವಿಟ್ಟು ಮಾಡಿ, ಒಂದು ಸಂಜೆ ಸಾಕು. ಯಾವುದಾದ್ರೂ ಸಪ್ಪೆ ಲೈಟ್ ಲಾಗರ್ ಒಂದು ಪ್ಯಾಕ್ ತನ್ನಿ. ಒಂದು ಗ್ಲಾಸ್ ಹಾಗೇ ಇಡಿ, ಹೋಲಿಸೋಕೆ. ಒಂದಕ್ಕೆ ಬೇಕಿಂಗಿಗೆ ಹಾಕೋ ಬಟರ್ ಫ್ಲೇವರ್ ಕಡ್ಡಿ ತುದೀಲಿ ಮುಟ್ಟಿಸಿ, ಅದು ಡಯಾಸಿಟೈಲ್, ನನ್ನ ಆಂಬರಲ್ಲಿದ್ದ ಬೆಣ್ಣೆ ವಾಸನೆ. ಒಂದಕ್ಕೆ ಡಬ್ಬಿ ಜೋಳದ ನೀರು ಒಂದು ಟೀ ಚಮಚ, ಬೇಯಿಸಿದ ಜೋಳದ ವಾಸನೆ ಕೊಡೋ ಡಿಎಂಎಸ್ ಅನ್ನೋ ದೋಷ ಹೀಗಿರತ್ತೆ. ಒಂದಕ್ಕೆ ಗಟ್ಟಿಯಾಗಿ ಕುದಿಸಿದ ಸಕ್ಕರೆ ಇಲ್ಲದ ಟೀ ಡಿಕಾಕ್ಷನ್, ಅದು ಒಗರು. ಬಿಳಿ ಇಲ್ಲ ಹಸಿರು ಬಾಟಲಿನ ಬಿಯರ್ ಒಂದನ್ನ ಮಧ್ಯಾಹ್ನ ಬಿಸಿಲಲ್ಲಿ ಒಂದೆರಡು ಗಂಟೆ ಇಟ್ಟು ತಣ್ಣಗೆ ಮಾಡಿ ತೆಗೀರಿ, ಸ್ಕಂಕ್ ವಾಸನೆ ಯಾವುದು ಅಂತ ಇನ್ನು ಯಾವತ್ತೂ ಮರೆಯಲ್ಲ.

ಒಗರು ಅಂದೆ, ಅದರ ಬಗ್ಗೆ ಒಂದು ಮಾತು. ಇಲ್ಲಿ ಹೊಸದಾಗಿ ರುಚಿ ನೋಡೋರು ಕಹಿಗೂ ಒಗರಿಗೂ ವ್ಯತ್ಯಾಸ ತಿಳೀದೆ ಎಲ್ಲದಕ್ಕೂ ಬಿಟರ್ ಅಂತಾರೆ. ನಮಗೆ ಆ ಕಷ್ಟ ಇಲ್ಲ. ಹಾಗಲಕಾಯಿ ಕಹಿ, ಅಡಿಕೆ ಒಗರು, ಅಷ್ಟು ಗೊತ್ತಿದ್ರೆ ಸಾಕು. ಕಹಿ ನಾಲಿಗೆ ಮೇಲಿನ ರುಚಿ, ಒಗರು ಬಾಯಿ ಹಿಡಿಯೋದು, ಎಳೇ ಬಾಳೆಕಾಯಿ ಕಚ್ಚಿದಾಗ ಕೆನ್ನೆ ಒಳಗೆ ಎಳೆದ ಹಾಗೆ ಆಗತ್ತಲ್ಲ ಅದು. ಕಹಿ ಹಾಪ್ಸಿಂದ ಬಂದಿರತ್ತೆ, ಒಗರು ಬಹಳ ಸಲ ಧಾನ್ಯದ ಸಿಪ್ಪೆಯಿಂದ, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ತೊಳೆಯೋ ನೀರು 77 ಡಿಗ್ರಿ ದಾಟಿದಾಗ ಇಲ್ಲ ಪಿಎಚ್ ಮೇಲೆ ಹೋದಾಗ. ಕಾರಣ ಬೇರೆ, ಪರಿಹಾರ ಬೇರೆ, ಹಾಗಾಗಿ ಟೇಬಲಲ್ಲಿ ಈ ಎರಡನ್ನ ಬಿಡಿಸಿ ಹೇಳೋರು ನೀವಾಗಿ.

ಟೇಬಲ್

ಅವತ್ತು ಸೆಂಟ್ ಹಾಕ್ಕೊಂಡು ಬರಬೇಡಿ, ಅಡುಗೆಮನೇಲಿ ಒಗ್ಗರಣೆ ಬೇಡ, ಅಗರಬತ್ತಿ ಬೇಡ. ತಿನ್ನೋಕೆ ಸಾದಾ ಬ್ರೆಡ್ ಅಥವಾ ಉಪ್ಪಿಲ್ಲದ ಕ್ರ್ಯಾಕರ್, ಕುಡಿಯೋಕೆ ನೀರು. ಖಾರದ ಮಿಕ್ಸ್ಚರ್, ಕಾಂಗ್ರೆಸ್ ಕಡ್ಲೆಕಾಯಿ ಎಲ್ಲಾ ಡಬ್ಬೀಲೇ ಇರಲಿ, ಕೊನೇ ಬಿಯರ್ ಮುಗಿದ ಮೇಲೆ ತೆಗೀರಿ. ಗ್ಲಾಸಿಗೆ ಸೋಪಿನ ಜಿಡ್ಡು ಇದ್ರೆ ನೊರೆ ನಿಲ್ಲಲ್ಲ, ಆಮೇಲೆ ಬಿಯರನ್ನ ಬೈತೀರ, ಬಿಸಿನೀರಲ್ಲಿ ಚೆನ್ನಾಗಿ ತೊಳೆದು ಬೋರಲು ಹಾಕಿ.

ಕ್ರಮ ಹೀಗಿರಲಿ: ಹಗುರವಾದದ್ದು ಮೊದಲು, ಜೋರಾದದ್ದು ಆಮೇಲೆ. ಲಾಗರ್, ವೀಟ್, ಆಂಬರ್, ಐಪಿಎ, ಸ್ಟೌಟ್, ಆಮೇಲೆ ಹುಳಿ ಬಿಯರ್ ಮತ್ತು ಹೊಗೆ ಬಿಯರ್. ಐಪಿಎ ಆದ ಮೇಲೆ ಪಿಲ್ಸ್ನರ್ ಕೊಟ್ರೆ ಪಾಪ ಅದು ಬರೀ ನೀರು ಅನ್ಸತ್ತೆ. ಲಾಗರನ್ನ 7-8 ಡಿಗ್ರಿಲಿ, ಸ್ಟೌಟನ್ನ 12 ಡಿಗ್ರಿ ಹತ್ತಿರ ಕೊಡಿ, ಐಸ್ ತರ ತಣ್ಣಗಿದ್ರೆ ಯಾವ ದೋಷವೂ ಕಾಣಲ್ಲ, ಯಾವ ಗುಣವೂ ಕಾಣಲ್ಲ. ಒಬ್ಬರು ಅಡುಗೆಮನೇಲಿ ಸುರಿದು ತರಲಿ, ಯಾರದ್ದು ಅಂತ ಗೊತ್ತಾಗಬಾರದು. ಒಂದೇ ಕೈಯಲ್ಲಿ, ನಿಲ್ಲಿಸ್ದೆ, ಬಾಟಲ್ ಮತ್ತೆ ನೆಟ್ಟಗೆ ಮಾಡ್ದೆ ಆರೂ ಗ್ಲಾಸಿಗೆ ಸುರೀಬೇಕು, ಪ್ರತಿ ಸಲ ನೆಟ್ಟಗೆ ಮಾಡಿದ್ರೆ ಈಸ್ಟ್ ಎದ್ದು ಕೊನೇ ಗ್ಲಾಸಿನವರಿಗೆ ಬರೀ ಬಗ್ಗಡ ಸಿಗತ್ತೆ.

ರುಚಿ ನೋಡೋದು

ಗ್ಲಾಸ್ ಕೈಗೆ ಬಂದ ತಕ್ಷಣ ಮೊದಲು ಮೂಗು, ಆಮೇಲೆ ಕಣ್ಣು, ಕೊನೆಗೆ ಬಾಯಿ. ಕೆಲವು ವಾಸನೆ ಅರ್ಧ ನಿಮಿಷದಲ್ಲಿ ಹಾರಿಹೋಗತ್ತೆ, ಬಣ್ಣ ಎಲ್ಲೂ ಓಡಿಹೋಗಲ್ಲ. ಉದ್ದಕ್ಕೆ ಉಸಿರೆಳೀಬೇಡಿ, ಎರಡು ಮೂರು ಸಣ್ಣ ಸಣ್ಣ ಮೂಸು, ಆಮೇಲೆ ನಿಮ್ಮ ಅಂಗಿ ತೋಳನ್ನೇ ಮೂಸಿ, ಮೂಗು ಮತ್ತೆ ಸರಿ ಆಗತ್ತೆ. ಒಂದು ಗುಟುಕು ತಗೊಂಡು ಬಾಯಲ್ಲೆಲ್ಲಾ ಆಡಿಸಿ ನುಂಗಿ, ನುಂಗಿದ ಮೇಲೆ ಮೂಗಿಂದ ಉಸಿರು ಬಿಡಿ, ಅರ್ಧ ರುಚಿ ಇರೋದು ಆ ಉಸಿರಲ್ಲೇ. ಮೊದಲ ಐದು ನಿಮಿಷ ಯಾರೂ ಮಾತಾಡಬಾರದು, ಬರೀಬೇಕು ಅಷ್ಟೇ. ಒಬ್ಬರು "ಬಾಳೆಹಣ್ಣು" ಅಂದ ಕೂಡಲೇ ಎಲ್ಲರ ಗ್ಲಾಸಲ್ಲೂ ಬಾಳೆಹಣ್ಣು ಬಂದುಬಿಡತ್ತೆ.

ಬರೆಯೋಕೆ ಬಿಜೆಸಿಪಿ ಅನ್ನೋ ತೀರ್ಪುಗಾರರ ಸಂಘದ ಹಾಳೆ ಚೆನ್ನಾಗಿದೆ, 1985ರಿಂದ ಇರೋ ಸಂಘ ಅದು. ಒಟ್ಟು 50 ಅಂಕ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹೇಗನ್ಸತ್ತೆ ಅನ್ನೋದಕ್ಕೆ 5, ಒಟ್ಟಾರೆ 10. ಬಣ್ಣಕ್ಕೆ ಬರೀ 3 ಅನ್ನೋದು ನೋಡಿ, ಬಿಯರ್ ತಿಳಿಯಾಗಿಲ್ಲ ಅಂತ ಕೊರಗೋರು ಅದನ್ನ ನೆನಪಿಟ್ಕೊಳ್ಳಿ. 30 ದಾಟಿದ್ರೆ ಚೆನ್ನಾಗೇ ಇದೆ ಅಂತ ಅರ್ಥ, 38 ದಾಟಿದ್ರೆ ತುಂಬಾ ಒಳ್ಳೇದು. ನಾನಂತೂ ಸ್ನೇಹಿತರ ಟೇಬಲಲ್ಲಿ ಅಂಕ ಕೊಡೋದನ್ನ ಬಿಟ್ಟು ಮಾತುಗಳನ್ನ ಮಾತ್ರ ಬರೀತೀನಿ, ಅಂಕ ಬಂದ ಕಡೆ ಪೈಪೋಟಿ ಬರತ್ತೆ.

ಬೆಣ್ಣೆ ಅನುಮಾನ ಬಂದ್ರೆ ಒಂದು ಪರೀಕ್ಷೆ ಇದೆ, ಬಾಟಲಿಗೆ ಹಾಕೋ ಮುಂಚೆ ಮನೇಲೇ ಮಾಡಿ: ಫರ್ಮೆಂಟರಿಂದ, ಅಂದ್ರೆ ಬಿಯರ್ ಹುದುಗೋ ಪಾತ್ರೆಯಿಂದ, ಎರಡು ಲೋಟ ತೆಗೆದು ಎರಡೂ ಮುಚ್ಚಿ, ಒಂದನ್ನ 60-70 ಡಿಗ್ರಿ ಬಿಸಿನೀರಲ್ಲಿ ಇಪ್ಪತ್ತು ನಿಮಿಷ ಇಟ್ಟು ಆರಿಸಿ, ಎರಡನ್ನೂ ಮೂಸಿ. ಬಿಸಿ ಮಾಡಿದ್ದರಲ್ಲಿ ಮಾತ್ರ ಪಾಪ್‌ಕಾರ್ನ್ ವಾಸನೆ ಬಂದ್ರೆ ಈಸ್ಟಿನ ಕೆಲಸ ಇನ್ನೂ ಬಾಕಿ ಇದೆ, ತಣ್ಣಗೆ ಮಾಡೋಕೆ ಆತುರ ಪಡಬೇಡಿ.

ಮಿಕ್ಕ ದೋಷಗಳು ಬೇಗ ಹೇಳ್ತೀನಿ. ಹಸಿ ಸೇಬು ವಾಸನೆ ಬಂದ್ರೆ ಬಿಯರ್ ಇನ್ನೂ ಎಳೇದು, ಈಸ್ಟಿಂದ ಬೇಗ ಬೇರೆ ಮಾಡಿದ್ದಾರೆ. ಬೇಯಿಸಿದ ಜೋಳ ಬಂದ್ರೆ ಪಿಲ್ಸ್ನರ್ ಮಾಲ್ಟನ್ನ ಮುಚ್ಚಳ ಮುಚ್ಚಿ ಕುದಿಸಿದ್ರಾ, ನಿಧಾನಕ್ಕೆ ತಣ್ಣಗಾಯ್ತಾ ಕೇಳಿ, 90 ನಿಮಿಷ ತೆರೆದು ಕುದಿಸಿದ್ರೆ ಹೋಗತ್ತೆ. ಒದ್ದೆ ರಟ್ಟಿನ ವಾಸನೆ ಅಂದ್ರೆ ಆಕ್ಸಿಜನ್. ಹುಳಿ ಮಜ್ಜಿಗೆ ತರ ಆದ್ರೆ ಸೋಂಕು. ಡೆಟ್ಟಾಲ್ ವಾಸನೆ ಬಂದ್ರೆ ನೀರು: ಪೋರ್ಟ್‌ಲ್ಯಾಂಡಿಗೆ ಬರೋ ಬುಲ್ ರನ್ ನದಿ ನೀರು ಬಹಳ ಮೆದು, ಬಿಯರಿಗೆ ಹೇಳಿಮಾಡಿಸಿದ ಹಾಗಿದೆ, ಆದ್ರೆ ಕ್ಲೋರಿನ್ ಜೊತೆ ಅಮೋನಿಯಾ ಸೇರಿಸಿ ಕ್ಲೋರಮೈನ್ ಮಾಡಿ ಬಿಡ್ತಾರೆ, ಅದು ಸುಮ್ಮನೆ ಕುದಿಸಿದ್ರೆ ಹೋಗಲ್ಲ, ಮಾಲ್ಟು ಈಸ್ಟಿನ ಜೊತೆ ಸೇರಿ ಆಸ್ಪತ್ರೆ ವಾಸನೆ ಕೊಡತ್ತೆ. 5 ಗ್ಯಾಲನ್ ನೀರಿಗೆ ಕಾಲು ಕ್ಯಾಂಪ್‌ಡೆನ್ ಮಾತ್ರೆ ಪುಡಿ ಮಾಡಿ ಕಲಕಿದ್ರೆ ಮುಗೀತು. ನನ್ನ ಮೊದಲ ಆರು ಬ್ಯಾಚಲ್ಲಿ ಈ ಕಾಲು ಮಾತ್ರೆ ಇರಲಿಲ್ಲ.

ಹೇಳೋದು, ಕೇಳಿಸ್ಕೊಳ್ಳೋದು

ಎಲ್ಲರೂ ಬರೆದ ಮೇಲೆ ಮಾತು. ಮೊದಲು ಗ್ಲಾಸಲ್ಲಿ ಏನಿದೆ ಅಂತ ಹೇಳಿ, ಆಮೇಲೆ ಅದು ಆ ಸ್ಟೈಲಿಗೆ ಸರಿನಾ ಅಂತ, ಆಮೇಲೆ ಪ್ರಶ್ನೆ. "ಲವಂಗ ಬರ್ತಿದೆ, ಇದು ವೀಟ್ ಆಗಿದ್ರೆ ಚೆಂದ, ಪೇಲ್ ಏಲ್ ಅಂತಿದ್ದೀರ, ಯಾವ ಈಸ್ಟ್ ಹಾಕಿದ್ರಿ?" ಹೀಗೆ. "ನಂಗಿಷ್ಟ ಆಗ್ಲಿಲ್ಲ" ಅನ್ನೋದರಿಂದ ಯಾರಿಗೂ ಉಪಯೋಗ ಇಲ್ಲ, "ಚೆನ್ನಾಗಿದೆ" ಅನ್ನೋದರಿಂದಲೂ ಅಷ್ಟೇ. ಚೆನ್ನಾಗಿರೋದನ್ನ ಕೂಡ ಬಿಡಿಸಿ ಹೇಳಿ, "ಜೋನಿಬೆಲ್ಲದ ತರ ಒಂದು ಸಿಹಿ ಬಂದು ಕೊನೇಲಿ ಒಣಗಿದ ಹಾಗೆ ಮುಗೀತು, ಅದು ತುಂಬಾ ಹಿಡಿಸ್ತು" ಅಂದ್ರೆ ಅವರು ಮುಂದಿನ ಸಲ ಅದನ್ನ ಹಾಗೇ ಉಳಿಸ್ಕೊಳ್ತಾರೆ. ನಿಮಗಿಂತ ದೊಡ್ಡೋರ ಬಿಯರ್ ಆದ್ರೆ ಸಂಕೋಚ ಆಗತ್ತೆ, ನನಗೂ ಆಗತ್ತೆ, ಅಂಥ ಕಡೆ ತೀರ್ಪು ಕೊಡೋ ಬದಲು ಕೇಳಿಬಿಡಿ, "ಸರ್, ನನಗೊಬ್ಬನಿಗೇನಾ ಈ ರಟ್ಟಿನ ವಾಸನೆ ಬರ್ತಿರೋದು?" ಅಂತ. ಒಬ್ಬರಿಗೆ ಕಾಣೋ ವಾಸನೆ ಇನ್ನೊಬ್ಬರ ಮೂಗಿಗೆ ಕಾಣದೇ ಇರೋದು ನಿಜವಾಗ್ಲೂ ಉಂಟು, ಡಯಾಸಿಟೈಲ್ ವಾಸನೆ ಕೆಲವರಿಗೆ ತುಂಬಾ ಮಂದವಾಗಿ ಗೊತ್ತಾಗತ್ತೆ. ಅದಕ್ಕೇ ಆರು ಮೂಗು ಬೇಕಾಗೋದು.

ಬಿಯರ್ ನಿಮ್ಮದಾಗಿದ್ರೆ ಸುರಿಯೋ ಮುಂಚೆನೇ "ಇದು ಸ್ವಲ್ಪ ಕೆಟ್ಟಿದೆ" ಅಂತ ಹೇಳಬೇಡಿ, ಎಲ್ಲರೂ ಕೆಟ್ಟದ್ದನ್ನೇ ಹುಡುಕ್ತಾರೆ. ಎಲ್ಲರೂ ಹೇಳಿ ಮುಗಿಸೋವರೆಗೂ ಸುಮ್ಮನಿದ್ದು ಬರ್ಕೊಳ್ಳಿ, ಮೂರು ಜನ ಒಂದೇ ಮಾತು ಹೇಳಿದ್ರೆ ಅದನ್ನ ಮುಂದಿನ ಬ್ಯಾಚಲ್ಲಿ ಸರಿ ಮಾಡಿ, ಒಬ್ಬರೇ ಹೇಳಿದ್ರೆ ಗುರುತು ಹಾಕಿಟ್ಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಈಸ್ಟು ನೀರು ಮಾಲ್ಟು ಮೂರೂ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಬದಲಾವಣೆ ನಿಜವಾಗ್ಲೂ ಕೆಲಸ ಮಾಡಿದ್ಯಾ ಅಂತ ನೋಡೋಕೆ ಮೂರು ಗ್ಲಾಸ್ ಇಡಿ, ಎರಡರಲ್ಲಿ ಹಳೇದು, ಒಂದರಲ್ಲಿ ಹೊಸದು, ಬೇರೆ ಯಾವುದು ಅಂತ ಕೇಳಿ. ಸುಮ್ಮನೆ ಊಹೆ ಮಾಡಿದ್ರೂ ಮೂರರಲ್ಲಿ ಒಬ್ಬರು ಸರಿ ಹೇಳ್ತಾರೆ, ಆರರಲ್ಲಿ ಇಬ್ಬರು ಮಾತ್ರ ಸರಿ ಹೇಳಿದ್ರೆ ಎರಡು ಬಿಯರಿಗೂ ಏನೂ ವ್ಯತ್ಯಾಸ ಕಂಡಿಲ್ಲ ಅಂತ.

ಮನೆಗೆ ತಂದ ಐದು ಬಾಟಲ್

ಅವನ್ನ ಅದೇ ವಾರ ಖಾಲಿ ಮಾಡಬೇಡಿ. ಐಪಿಎ ಮೊದಲು ಕುಡೀರಿ, ಅದು ಕಾಯಲ್ಲ. ಸ್ಟೌಟ್, ಬಾರ್ಲಿವೈನ್ ತರದ್ದನ್ನ ಕತ್ತಲಲ್ಲಿ ತಣ್ಣಗೆ ಒಂದೆರಡು ತಿಂಗಳು ಇಟ್ಟು ತೆಗೀರಿ, ಅವತ್ತು ಬರೆದ ಹಾಳೆ ಪಕ್ಕದಲ್ಲಿಟ್ಕೊಂಡು ಮತ್ತೆ ಬರೀರಿ. ಟೇಬಲಲ್ಲಿ ಆರರ ಮಧ್ಯೆ ಕಳೆದುಹೋಗಿದ್ದ ಬಿಯರ್ ಮನೇಲಿ ಒಂದೇ ಗ್ಲಾಸಾಗಿ ಕೂತಾಗ ಬೇರೆನೇ ಕಾಣತ್ತೆ, ನಾನು ಸಪ್ಪೆ ಅಂತ ಬರೆದಿದ್ದ ಒಂದು ಹೆಲ್ಲೆಸ್ (ಜರ್ಮನಿ ಕಡೆಯ ತಿಳಿ ಲಾಗರ್) ಹೀಗೇ ಒಂದು ಭಾನುವಾರ ಮಧ್ಯಾಹ್ನ ತೆಗೆದಾಗ ಹೊಸದಾಗಿ ಸುಟ್ಟ ಬ್ರೆಡ್ಡಿನ ಘಮ ಬಂದು, ಅವರಿಗೆ ಆಗಲೇ ಫೋನ್ ಮಾಡಿ ನನ್ನ ಮಾತು ವಾಪಸ್ ತಗೊಂಡೆ. ಹಾಗೇನಾದ್ರೂ ಅನ್ಸಿದ್ರೆ ಅವತ್ತೇ ಹೇಳಿ.

ಬಾಟಲ್ ಖಾಲಿ ಆದ ತಕ್ಷಣ ಬಿಸಿನೀರಲ್ಲಿ ಮೂರು ಸಲ ಅಲುಗಾಡಿಸಿ ತೊಳೆದು ಬೋರಲು ಹಾಕಿ, ಈಸ್ಟ್ ಒಣಗಿದ್ರೆ ಬ್ರಷ್ ಹಾಕಿದ್ರೂ ಬಿಡಲ್ಲ. ಆರೆಗಾನಲ್ಲಿ ಅಂಗಡಿ ಬಿಯರಿನ ಖಾಲಿ ಬಾಟಲ್ ವಾಪಸ್ ಕೊಟ್ರೆ 10 ಸೆಂಟ್ ಬರತ್ತೆ, ಈ ಐದು ಬಾಟಲನ್ನ ಆ ಮಷೀನಿಗೆ ಹಾಕಬೇಡಿ, ಮುಂದಿನ ಸ್ವಾಪಿಗೆ ಅವರವರದ್ದು ಅವರವರಿಗೆ ತಗೊಂಡು ಹೋಗಿ ಕೊಡಿ.